ಬಂಡೆಮ್ಮನ ಬೆರಳು, ಕಾರ್ಬಾಲಿಕ್ ಡಬ್ಬ

ಬಂಡೆಮ್ಮನಿಗೆ ಮೂರು ತಿಂಗಳ ಪಗಾರ ಇನ್ನೂ ಬರಬೇಕು. ತಿಂಗಳಿಗೆ ಹಾಲಿ ಸಿಕ್ಕಾ ಆರು ರೂಪಾಯಿ. ಕೊಡಬೇಕಾದವರು ಕಲಬುರಗಿ ಕೋಟೆಯ ಕಡೆ ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದ ವ್ಯಾಪಾರಿಗಳ ಕಮಿಟಿಯವರು. ಆ ಕಮಿಟಿ ಮುಳುಗಿತು, ಆ ಸಿಕ್ಕಾ ಚಲಾವಣೆ ತಪ್ಪಿತು, ಅದನ್ನು ಹೊಡೆಸಿದ ನಿಜಾಮನ ರಾಜ್ಯವೂ ಹೋಯಿತು, ಬಂಡೆಮ್ಮನೂ ಸತ್ತಳು. ಬಾಕಿ ಹಾಗೇ ಇದೆ.

ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಹಿಂದಿನ ಮಾತು. ಬಂಡೆಮ್ಮ ಕಮಲಾಪುರದ ಮಗಳು, ಕಲಬುರಗಿ ಸ್ಟೇಷನ್ನಿನ ಹಮಾಲ ಹಣಮಂತರಾಯನ ಹೆಂಡತಿ. ಗಿಡ್ಡ ಆಳು, ದೊಡ್ಡ ಗಂಟಲು. ದಿನಕ್ಕೊಮ್ಮೆ ಗಂಡನನ್ನು ಬೈಯದಿದ್ದರೆ ಅವಳಿಗೆ ಉಂಡದ್ದು ಕರಗುತ್ತಿರಲಿಲ್ಲ. ಬೈಸಿಕೊಳ್ಳದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ದವಾಖಾನೆಯ ನೆಲ ತೊಳೆಯುವುದು, ರೋಗಿಗಳ ಹಾಸಿಗೆ ಬಟ್ಟೆ ಹಿಂಡುವುದು ಅವಳ ಕೆಲಸ. ಜಾತಿ ನೋಡಿ ಕೊಟ್ಟ ಕೆಲಸ, ಬಿಡಿಸಿ ಹೇಳಬೇಕಾಗಿಲ್ಲ.

ಬೊಂಬಾಯಿಯಿಂದ ರೈಲಿನಲ್ಲಿ ತಗಡಿನ ಡಬ್ಬ ಬರುತ್ತಿತ್ತು. ಒಳಗೆ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕಾರ್ಬಾಲಿಕ್. ಈಗ ಫ್ಯಾಕ್ಟರಿಯವರು ಅದನ್ನು ಫಿನಾಲ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದು ಕಲ್ಲುಸಕ್ಕರೆಯಂತೆ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಗಾಳಿ ಬೆಳಕು ತಾಗಿ ಹಳತಾದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಬಿಸಿನೀರಿನಲ್ಲಿ ಡಬ್ಬ ಇಟ್ಟು ಕರಗಿಸಬೇಕು. ಬೇಸಿಗೆಯಲ್ಲಿ ಒಲೆಯ ಕೆಲಸವಿಲ್ಲ, ಕಲಬುರಗಿಯ ಬಿಸಿಲಿಗೆ ತಗಡಿನ ಕೋಣೆಯಲ್ಲಿ ತಾನೇ ನೀರಾಗುತ್ತಿತ್ತು. ಸಿಹಿ ವಾಸನೆ, ಹೆಚ್ಚು ಹೊತ್ತು ಮೂಸಿದರೆ ತಲೆ ತಿರುಗುತ್ತದೆ. ಬಕೀಟು ನೀರಿಗೆ ಒಂದಿಷ್ಟು ಬೆರೆಸಿ ತೊಳೆದರೆ ರೋಗದ ಕ್ರಿಮಿ ಸಾಯುತ್ತವೆ. ಅಳತೆಗೆ ಕೊಟ್ಟಿದ್ದ ಸೌಟು ಮುರಿದು ಎಷ್ಟೋ ದಿನವಾಗಿತ್ತು. ಬಂಡೆಮ್ಮ ಡಬ್ಬದಲ್ಲಿ ಲೋಟ ಅದ್ದುತ್ತಿದ್ದಳು. ಲೋಟದ ಜೊತೆ ಬೆರಳೂ ಮುಳುಗುತ್ತಿದ್ದವು.

ಅವಳಿಗೆ ಹೆದರಿಕೆ ಇರಲಿಲ್ಲ, ಯಾಕೆಂದರೆ ಅದು ಉರಿಯುತ್ತಿರಲಿಲ್ಲ. ಸುಣ್ಣ ಉರಿಯುತ್ತದೆ, ಮೆಣಸಿನಕಾಯಿ ಉರಿಯುತ್ತದೆ. ನಮ್ಮ ಹೆಂಗಸರು ಕೆಟ್ಟ ಪದಾರ್ಥವನ್ನು ಉರಿಯಿಂದಲೇ ಗುರುತು ಹಿಡಿಯುತ್ತಾರೆ. ಕಾರ್ಬಾಲಿಕ್ ಮೊದಲು ಚರ್ಮವನ್ನು ಜೋಮು ಹಿಡಿಸಿ, ನೋವು ಗೊತ್ತಾಗದಂತೆ ಮಾಡಿ, ಆಮೇಲೆ ತಿನ್ನಲು ಶುರು ಮಾಡುತ್ತದೆ. “ಸುಣ್ಣಕ್ಕಿಂತ ಇದು ಛಲೋ ಅದ,” ಎನ್ನುತ್ತಿದ್ದಳು ಬಂಡೆಮ್ಮ. “ಮೆತ್ತಗ ಅದ, ನಮ್ಮ ಹಣಮಂತರಾಯನಂಗ.”

ಆ ಚಳಿಗಾಲ ಅವಳ ಬೆರಳ ತುದಿಗಳು ಬೆಳ್ಳಗಾದವು. ಸೂಜಿ ಹಿಡಿದರೆ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಬಿಳಿ ಕಲೆ, ಸ್ಪರ್ಶವಿಲ್ಲದ ಚರ್ಮ ಅಂದರೆ ಊರಿಗೆ ಗೊತ್ತಿದ್ದದ್ದು ಒಂದೇ ಅರ್ಥ: ದೊಡ್ಡ ರೋಗ, ಕುಷ್ಠ. ಮೊದಲು ಕಂಡವನು ಕಮಿಟಿಯ ಮುನೀಮ ಗುರುಲಿಂಗಪ್ಪ. ಅವನು ಹೌಹಾರಿ ಡಾಕ್ಟರ್ ಸಲಾವುದ್ದೀನರನ್ನು ಕರೆದ. ಅವರು ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ಚುಚ್ಚಿದರು. “ಚುಚ್ಚಿದೆ, ತಿಳೀತೇನು?”

“ಯಾವಾಗ ಚುಚ್ಚಿದಿರಿ?” ಎಂದಳು ಬಂಡೆಮ್ಮ.

ಅವಳ ಕೆಲಸ ಆ ಒಂದು ಮಾತಿಗೆ ಹೋಯಿತು. ಡಾಕ್ಟರು ಕೆಟ್ಟವರಲ್ಲ. ಹೊರಗೆ ರೋಗಿಗಳ ಸಾಲು ನಿಂತಿತ್ತು, ಆ ಬೆರಳು ದಿನವೂ ಯಾವುದರಲ್ಲಿ ಮುಳುಗುತ್ತದೆ ಎಂದು ಕೇಳಲು ಅವರಿಗೆ ಹೊತ್ತಿರಲಿಲ್ಲ. ಊರಲ್ಲಿ ಇರಬೇಡ, ಮೂರು ತಿಂಗಳು ಬಿಟ್ಟು ಬಂದು ತೋರಿಸು, ಕಲೆ ಹಬ್ಬಿದ್ದರೆ ಊರಾಚೆಯ ಕುಷ್ಠರೋಗಿಗಳ ಛಾವಣಿಗೆ ಕಳಿಸಬೇಕಾಗುತ್ತದೆ ಎಂದರು. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ.

ಓಣಿಯವರು ಹಣಮಂತರಾಯನನ್ನು ಸುತ್ತುಗಟ್ಟಿದರು. ಇನ್ನೊಂದು ಮದುವೆ ಮಾಡ್ಕೋ ಎಂದರು. ಅವನು ಬೀಡಿ ಹಚ್ಚಿ, “ಕೈ ಹೋದ್ರ ಹೋಗಲಿ, ಬಾಯಿ ಅದಲ್ಲ. ನನ್ನ ಬೈಯಾಕ ಅಷ್ಟು ಸಾಕು,” ಎಂದ. ಕಮಲಾಪುರದ ಕಡೆ ಹೊರಟಿದ್ದ ಬಂಡಿಯಲ್ಲಿ ಅವಳನ್ನು ಕೂರಿಸಿ, ತಾನು ಪಕ್ಕದಲ್ಲಿ ನಡೆದ. ದಾರಿಯುದ್ದಕ್ಕೂ ಅವಳು ಬಂಡಿಯ ಮೇಲಿಂದ ಅವನನ್ನು ಬೈದಳು, ಚಪ್ಪಲಿ ಹಾಕ್ಕೊಂಡು ಬಂದಿಲ್ಲ ಎಂದು.

ಕಮಲಾಪುರದಲ್ಲಿ ಅಕ್ಕ ಭೀಮಬಾಯಿ ಬಾಳೆತೋಟದ ಕೂಲಿ. ಕೆಂಪುಬಾಳೆ ಗೊನೆ ಹೊತ್ತು ಹೊತ್ತು ಅವಳ ಹೆಗಲು ಒಂದು ಕಡೆ ಇಳಿದಿತ್ತು. ತಂಗಿಯನ್ನು ಒಳಗೆ ಕರೆದು ತನ್ನ ಕೌದಿಯಲ್ಲೇ ಮಲಗಿಸಿಕೊಂಡಳು. ಆದರೆ ಕೇರಿಯವರು ಬಂಡೆಮ್ಮ ಬಾವಿಗೆ ಬರಬಾರದು ಎಂದರು. ಮೇಲಿನ ಓಣಿಯವರು ನಮಗೆ ಹೇಳುವುದನ್ನೇ ನಮ್ಮವರು ಅವಳಿಗೆ ಹೇಳಿದರು. ಭೀಮಬಾಯಿ ಜಗಳಕ್ಕೆ ಹೋಗದೆ ಇಬ್ಬರ ನೀರನ್ನೂ ತಾನೇ ಸೇದಿ ತಂದಳು.

ಮೊದಲು ಬದಲಾದದ್ದು ಉಚ್ಚೆ. ಕಲಬುರಗಿಯಲ್ಲಿ ಅದು ಮಸಿ ಕದಡಿದಂತೆ ಕಪ್ಪುಹಸಿರಾಗಿ ಹೋಗುತ್ತಿತ್ತು. ಇಲ್ಲಿ ಕೆಲವೇ ದಿನಕ್ಕೆ ತಿಳಿಯಾಯಿತು. ಇದು ಕಮಲಾಪುರದ ನೀರಿನ ಗುಣ ಎಂದುಕೊಂಡಳು. ಆಮೇಲೆ ಬೆರಳ ಚರ್ಮ ಸುಲಿದು ಉದುರತೊಡಗಿತು. ಬೆರಳೇ ಉದುರುವ ಮೊದಲು ಹೀಗಾಗುತ್ತದೆ ಎಂದುಕೊಂಡಳು, ಅಕ್ಕನಿಗೆ ಹೇಳಲಿಲ್ಲ.

ರೊಟ್ಟಿ ಬಡಿಯುವಾಗ ಮಾತ್ರ ಅವಳ ಬಡಾಯಿ ನಡೆದೇ ಇತ್ತು. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಬರೀ ಬೆರಳಲ್ಲಿ ತಿರುವಿ, “ನಿಂಗ ಬರ್ತದೇನ ಯಕ್ಕಾ ಹಿಂಗ?” ಎನ್ನುತ್ತಿದ್ದಳು. ಒಂದು ಸಂಜೆ ಹಾಗೆ ತಿರುವಲು ಹೋದವಳು ಕೈ ಹಿಂದಕ್ಕೆಳೆದು ಕಿರುಚಿದಳು.

“ಏನಾತೇ?”

“ಸುಟ್ಟಿತು ಯಕ್ಕಾ.”

“ಹಂಚು ಸುಡದೇ ಮುದ್ದು ಮಾಡ್ತದೇನ?”

“ಅಯ್ಯ, ನಂಗ ಸುಟ್ಟಿತು. ತಡಿ, ಇನ್ನೊಮ್ಮಿ ಮುಟ್ತೀನಿ.” ಮುಟ್ಟಿದಳು. ಮತ್ತೆ ಕಿರುಚಿದಳು. ಬೇರೆ ಬೆರಳು ಇಟ್ಟು ನೋಡಿದಳು. ಭೀಮಬಾಯಿ ಅವಳ ರಟ್ಟೆ ಹಿಡಿದು ಒಲೆಯಿಂದ ಎಳೆದಳು. “ಹುಚ್ಚರಂಡೆ, ಕೈ ಬಂದದ ಅಂತ ಇವತ್ತೇ ಸುಟ್ಟು ತಿಂತೀಯೇನ?” ಆಮೇಲೆ ಇಬ್ಬರೂ ಒಲೆಯ ಮುಂದೆ ಕೂತು ನಕ್ಕರು. ರೊಟ್ಟಿ ಕರಕಾಯಿತು.

ಮೂರು ತಿಂಗಳು ತುಂಬಿದ ಮೇಲೆ ಅವಳು ಡಾಕ್ಟರ ಮುಂದೆ ನಿಂತಳು. ಅವರು ಸೂಜಿ ಚುಚ್ಚಿದ ಕೂಡಲೇ ಅವರ ಕೈಗೆ ಪಟ್ಟನೆ ಹೊಡೆದಳು. ಉಚ್ಚೆಯ ಸಂಗತಿಯನ್ನೂ ತನ್ನ ದೊಡ್ಡ ಗಂಟಲಲ್ಲೇ ಹೇಳಿದಳು. ಗುರುಲಿಂಗಪ್ಪ ಮುಖ ತಿರುಗಿಸಿ ಕಿಟಕಿ ನೋಡಿದ. ಡಾಕ್ಟರು ಆಗ ಬಕೀಟು ಹೇಗೆ ಕಲಸುತ್ತಿದ್ದಿ ಎಂದು ಕೇಳಿದರು, ಅವಳು ಡಬ್ಬದಲ್ಲಿ ಲೋಟ ಅದ್ದುವುದನ್ನು ಕೈಯಾಡಿಸಿ ತೋರಿಸಿದ ಮೇಲೆ ತಲೆಗೆ ಕೈ ಹಚ್ಚಿ ಕುಳಿತರು.

“ಗಲತಿ ನಂದು, ಬಂಡೆಮ್ಮ. ಇದು ಕುಷ್ಠ ಅಲ್ಲ. ಆ ಡಬ್ಬದ ದವಾ ನಿನ್ನ ಚರ್ಮದಾಗ ಇಳಿದು ರಕ್ತಕ್ಕ ಸೇರೇದ, ಉಚ್ಚಿ ಕಪ್ಪಾಗಿದ್ದು ಅದಕ್ಕ. ಮೈಮ್ಯಾಲ ಜಾಸ್ತಿ ಚೆಲ್ಲಿದ್ರ ಜೀವಾನೇ ಹೋಗ್ತಿತ್ತು. ಬಿದ್ದ ಕೂಡ್ಲೇ ಬಟ್ಟಿ ಬಿಚ್ಚಿ ಧಾರಾಳ ನೀರಾಗ ತೊಳೀಬೇಕು.”

“ಅಂಥ ವಿಷ ಯಾಕ ತರಸ್ತೀರಿ?”

ಅವರು ಗೋಡೆ ತೋರಿಸಿದರು. ದವಾಖಾನೆಗೆ ಆಗತಾನೇ ಕರೆಂಟು ಬಂದಿತ್ತು. ಕರೀ ಬೇಕಲೈಟ್ ಸ್ವಿಚ್ಚು ಹೊಳೆಯುತ್ತಿತ್ತು. “ರೋಗ ಕೊಲ್ಲಾಕ ಬೇಕು. ಈ ಸ್ವಿಚ್ಚಿಗೂ ಅದೇ ಬೇಕು. ವಿಲಾಯತಿ ಕಾರಖಾನ್ಯಾಗ ಅದಕ್ಕ ಇನ್ನೊಂದು ಘಾಟಿನ ದವಾ ಕೂಡಿಸಿ, ಕಾಸಿ, ಅಚ್ಚಿನಾಗ ಒತ್ತತಾರ. ಒಮ್ಮಿ ಗಟ್ಟಿ ಆದ್ರ ಮತ್ತ ಕರಗಂಗಿಲ್ಲ. ಕರೆಂಟ್ ಹಿಡಿಯಂಗಿಲ್ಲ.”

ಬಂಡೆಮ್ಮ ಹೋಗಿ ಸ್ವಿಚ್ಚು ಮುಟ್ಟಿದಳು. ತಣ್ಣಗೆ, ನುಣ್ಣಗೆ ಇತ್ತು. “ಇದನ್ನ ಮಾಡಿದವರ ಕೈ ಹ್ಯಾಂಗ ಅವ ರೀ?” ಎಂದು ಕೇಳಿದಳು.

ಕೆಲಸ ಮರಳಿ ಕೊಟ್ಟರು. ಪಗಾರ ಕೇಳಿದಾಗ ಗುರುಲಿಂಗಪ್ಪ, “ರೋಗ ಇಲ್ಲಂದ ಮ್ಯಾಲ ಸುಮ್ನ ರಜಾ ಹೋದಂಗ ಆತು,” ಎಂದ. ಅದಕ್ಕೆ ಅವಳು ಅವನ ಏಳು ತಲೆಮಾರನ್ನು ಬೈದಳು. ಬರೆಯುವಂಥದ್ದಲ್ಲ. ಆಮೇಲೆ ಡಬ್ಬದ ಪಕ್ಕ ನೆಲಕ್ಕೆ ಕುಳಿತಳು. “ಕೊಯ್ಯೂಮುಂದ ಡಾಕ್ಟರು ರಬ್ಬರ್ ಕೈಗವಸು ಹಾಕ್ತಾರ. ನಂಗೂ ಅದೇ ಬೇಕು. ಅಲ್ಲೀತನ ಡಬ್ಬ ಮುಟ್ಟಂಗಿಲ್ಲ.” ಮಧ್ಯಾಹ್ನದ ಹೊತ್ತಿಗೆ ದವಾಖಾನೆ ನಾರತೊಡಗಿತು. ಸಂಜೆ ಡಾಕ್ಟರು ತಾವು ಹಾಕಿ ಬಿಟ್ಟಿದ್ದ ಹಳೇ ಜೋಡಿಯನ್ನು ತಂದುಕೊಟ್ಟರು. ಅದರಲ್ಲಿ ತೂತು. ಹಣಮಂತರಾಯ ಅದನ್ನು ಸೈಕಲ್ ಅಂಗಡಿಯ ಹುಸೇನನ ಬಳಿ ಒಯ್ದು ಪಂಚರ್ ಹಾಕಿಸಿಕೊಂಡು ಬಂದ. ನೀರು ತುಂಬಿ, ಸೋರುವುದಿಲ್ಲ ಎಂದು ನೋಡಿ, ತಾನೇ ಅವಳ ಕೈಗೆ ತೊಡಿಸಿದ. ಅವಳು ಉಲ್ಟಾ ತೊಡಿಸಿದಿ ಎಂದು ಬೈದಳು.

ಆ ಮೂರು ತಿಂಗಳ ಪಗಾರ ಕೇಳಲು ಈಗ ಕಮಿಟಿ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ದವಾಖಾನೆ, ನಿಮ್ಮ ಶಾಲೆ, ನಿಮ್ಮ ಆಫೀಸು ತೊಳೆಯುವವಳು ಇವತ್ತೂ ಬರಿಗೈಯಲ್ಲಿ ಬಕೀಟು ಕಲಸುತ್ತಿದ್ದಾಳೆ. ನಾಳೆ ಬೆಳಗ್ಗೆ ಅವಳು ಬಕೀಟು ಮುಟ್ಟುವ ಮೊದಲು, ತೂತಿಲ್ಲದ ಒಂದು ಜೋಡಿ ರಬ್ಬರ್ ಗ್ಲೌಸು ಅವಳ ಕೈಗೆ ಕೊಡಿ. ಕೈ ಸುಟ್ಟು ಮನೆಯಲ್ಲಿ ಕುಳಿತ ದಿನಗಳ ಪಗಾರವನ್ನೂ ಹಿಡಿಯದೆ ಕೊಡಿ. ಕೊಡುತ್ತೀರೋ ಇಲ್ಲವೋ, ಹೇಳಿ.