ಬೀಗ ಬಿದ್ದ ಜಗುಲಿ

ಮೊನ್ನೆ ಗಿಂಡಿ ಮೆಟ್ರೊ ನಿಲ್ದಾಣದ ಕಂಬಿಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ದೊಡ್ಡಮ್ಮ ನೆನಪಾದರು.

ಆಗ ನಾವು ಮೈಲಾಪುರದಲ್ಲಿದ್ದೆವು. ದೊಡ್ಡಮ್ಮನವರೂ ನಮ್ಮ ಹಾಗೆ ಲಿಂಗಾಯತರು, ತುಮಕೂರು ಕಡೆಯಿಂದ ಬಟ್ಟೆ ವ್ಯಾಪಾರಕ್ಕೆ ಬಂದು ನೆಲೆಸಿದ ಮನೆತನ. ಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮ. ಗಾರೆಯ ಹಳೇ ಮನೆ, ಮುಂದೆ ಉದ್ದನೆಯ ಜಗುಲಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಮಜ್ಜಿಗೆಯ ಮಡಕೆ ಇರುತ್ತಿತ್ತು. ಹೂವಿನವಳು, ಆಟೊದವನು, ಅಂಚೆಯವನು... ಯಾರೇ ಬರಲಿ, ದೊಡ್ಡಮ್ಮನ ತಮಿಳು ಬೆರೆತ ಅಪ್ಪಣೆ ಒಂದೇ.

"ಮೊದ್ಲು ಉಕ್ಕಾರಪ್ಪಾ. ಕೂತ್ಕೊಳ್ದೆ ಇರೋರಿಗೆ ಇಲ್ಲಿ ಮಜ್ಜಿಗೆ ಇಲ್ಲ."

ಆಮೇಲೆ ನಮ್ಮ ವಾರ್ಡ್ ಕಚೇರಿಯವರಿಗೆ ಹಳೇ ಕಟ್ಟಡಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಒಂದು ಪರಂಪರೆ ಸಮಿತಿ ಬಂತು. ಸೋರುವ ಛಾವಣಿಯ ಕಡೆ ಒಬ್ಬರೂ ಕತ್ತೆತ್ತಲಿಲ್ಲ. ಜಗುಲಿಯನ್ನು ಸವರಿ ಸವರಿ, ಎಂಥ ನುಣುಪು ಎಂದು ಬೆರಗಾದರು. ಜನ ಕೂತು ಕೂತೇ ಅದು ನುಣುಪಾದದ್ದೆಂದು ಆ ಮಹಾಪಂಡಿತರ ತಲೆಗೆ ಹೋಗಲಿಲ್ಲ. ಕೂತರೆ ಸವೆಯುತ್ತದೆ ಎಂದು ತೀರ್ಮಾನಿಸಿ, ಸುತ್ತ ಕಬ್ಬಿಣದ ಕಂಬಿ ನಿಲ್ಲಿಸಿ, ಹಸಿರು ಬಣ್ಣ ಬಳಿದು, ಬೀಗ ಜಡಿದರು. ಬೀಗದ ಕೈ ವಾರ್ಡ್ ಕಚೇರಿಯಲ್ಲಿ. ಮನೆಯವರು ಓಡಾಡಲು ಸಂದು ಬಿಟ್ಟದ್ದೇ ದೊಡ್ಡ ಉಪಕಾರ.

ದೊಡ್ಡಮ್ಮ ಕಚೇರಿಗೇ ಹೋದರು. ನಿಮ್ಮ ಜಗುಲಿಯನ್ನು ಕಾಪಾಡುತ್ತಿದ್ದೇವೆ ಎಂದು ಅಧಿಕಾರಿ ಹಲ್ಲು ಕಿರಿದನಂತೆ.

"ಯಾರಿಂದ ಕಾಪಾಡ್ತೀಯಪ್ಪಾ? ಕೂತ್ಕೊಳ್ಳೋರಿಂದ್ಲಾ?" ಎಂದು ಕೇಳಿ ಎದ್ದು ಬಂದರು.

ಕಂಬಿಯ ಸಂದಿಯಿಂದ ಲೋಟ ಚಾಚಲು ಅವರು ಒಪ್ಪಲಿಲ್ಲ. ಮಡಕೆ ಒಳಗೆ ಹೋಯಿತು.

ಅವರು ತೀರಿಕೊಂಡದ್ದು ಒಂದು ಭಾನುವಾರ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವಿಟ್ಟು, ಒರಗಿಸಿ ಕೂರಿಸುತ್ತೇವೆ. ಆ ಮನೆಯಲ್ಲಿ ಅತ್ತೆ, ಮಾವ, ಗಂಡ ಎಲ್ಲರನ್ನೂ ಕೂರಿಸಿದ್ದು ಜಗುಲಿಯ ಮೇಲೆಯೇ. ತನ್ನನ್ನೂ ಅಲ್ಲೇ ಕೂರಿಸಬೇಕೆಂದು ದೊಡ್ಡಮ್ಮ ಹೇಳಿಟ್ಟಿದ್ದರು. ಬೀಗದ ಕೈಗಾಗಿ ಆ ಅಧಿಕಾರಿಗೆ ಫೋನ್ ಮಾಡಿದರೆ, ರಜೆ, ನಾಳೆ ಅರ್ಜಿ ಕೊಡಿ ಎಂಬ ಉತ್ತರ ಬಂತು. ಬೀಗ ಒಡೆಯೋಣ ಎಂದೆ. ಕೇಸ್ ಹಾಕುತ್ತಾರೆ ಎಂದು ಅವರ ಮಗ ಹೆದರಿದ. ಕೊನೆಗೆ ರಸ್ತೆಯ ಮೇಲೆ ಶಾಮಿಯಾನ ಹಾಕಿ, ಅದೇ ಹಸಿರು ಕಂಬಿಗೆ ಒರಗಿಸಿ ಕೂರಿಸಿದೆವು. ಹಿಂದೆ, ಒಂದು ಮೊಳ ದೂರದಲ್ಲಿ, ಅವರ ಜಗುಲಿ ಖಾಲಿ ಇತ್ತು...

ಮೊನ್ನೆ ಗಿಂಡಿಯಿಂದ ನೆಟ್ಟಗೆ ಆ ಬೀದಿಗೆ ಹೋದೆ. ಸೋರಿ ಸೋರಿ ಛಾವಣಿ ಕುಸಿದಿದೆ, ಮನೆಯಲ್ಲಿ ಯಾರೂ ಇಲ್ಲ. ಜಗುಲಿ ಮಾತ್ರ ಸುರಕ್ಷಿತ, ಪಾರಿವಾಳದ ಹಿಕ್ಕೆ ಹೊತ್ತುಕೊಂಡು. ಕಂಬಿಗೆ ಫಲಕವೂ ಇದೆ: ಇಲ್ಲಿ ಕೂರಬಾರದು. ಇವರ ಪರಂಪರೆಗಿಷ್ಟು!

ಬಿಸಿಲಿಗೆ ಬಾಯಿ ಒಣಗಿತ್ತು. ಚೀಲದಿಂದ ಬಾಟಲಿ ತೆಗೆದು, ಆ ಮನೆಯ ಮುಂದೆ ನಿಂತುಕೊಂಡೇ ನೀರು ಕುಡಿದೆ. ಕೂತ್ಕೊ ಎಂದು ಗದರಲು ಯಾರೂ ಇರಲಿಲ್ಲ.