ದೊರೆಯ ಅಂಗಿ ತೊಟ್ಟ ಬಾರ್ಬೆಲ್

ಗಂಡ ದಂಡಿಗೆ ಹೋದವನು ತಿರುಗಿ ಬರಲಿಲ್ಲ. ಕೈಯಲ್ಲಿ ಎಳೆ ಕೂಸು. ಅಂಥ ಹೊತ್ತಿನಲ್ಲಿ ಅರಮನೆಯವರು ಬಂದು ಕುನಿಗುಂಡೆಯ ಎದೆಹಾಲು ಕೇಳಿದರು. ಕೇಳಿದರು ಎನ್ನುವುದು ಮರ್ಯಾದೆಯ ಮಾತು. ಜರ್ಮನ್ ನಾಡಿನ ಮೈನ್ ನದಿಯ ದಂಡೆಯ ನಮ್ಮ ಅಂಗೈಯಗಲದ ಸಂಸ್ಥಾನದಲ್ಲಿ ದೊರೆಗೆ ಇಲ್ಲ ಎನ್ನುವ ಬಾಯಿ ಯಾರಿಗಿತ್ತು? ಮಗಳು ಬಾರ್ಬೆಲಳನ್ನು ಅತ್ತೆಯ ಮಡಿಲಿಗೆ ಹಾಕಿ, ಮೇಕೆಹಾಲು ಕುಡಿಸಿ ಎಂದು ಹೇಳಿ, ಅವಳು ಪುಟ್ಟ ದೊರೆಯ ದಾದಿಯಾಗಿ ಹೋದಳು; ಅರಮನೆಯವರ ಬಾಯಲ್ಲಿ ಗುಂಡೆಲ್ ಆದಳು. ದಾದಿಯ ಸ್ವಂತ ಕೂಸು ಅರಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಭಾನುವಾರ ಇಗರ್ಜಿಯಿಂದ ಬರುವಾಗ ಅತ್ತೆ ಅಡುಗೆಮನೆಯ ಹಿಂಬಾಗಿಲಿಗೆ ತಂದು ತೋರಿಸಿ ಹೋಗುತ್ತಿದ್ದಳು, ಅಷ್ಟೆ.

ಪುಟ್ಟ ದೊರೆ ಹುಟ್ಟಿನಿಂದಲೂ ಪೀಚು. ವರ್ಷ ತುಂಬಿದಾಗ ಅವನ ಚಿತ್ರ ಬರೆಸಿ, ನೆಂಟರ ಸಂಸ್ಥಾನಗಳಿಗೆಲ್ಲ ನಕಲು ಕಳಿಸಬೇಕಿತ್ತು. ವಾರಸುದಾರ ಗುಂಡುಕಲ್ಲಿನಂತಿದ್ದಾನೆ ಎಂದು ಅವರು ಕಣ್ಣಾರೆ ಕಾಣಬೇಕಲ್ಲ. ಆ ಕೂಸೋ, ಚಿತ್ರಗಾರ ಲೈಟ್‌ನರನ ಮುಖ ಕಂಡರೆ ಸಾಕು, ಸೂರು ಹಾರುವಂತೆ ಚೀರುತ್ತಿತ್ತು. ಹೀಗಿರಲು ಒಂದು ಭಾನುವಾರ ಲೈಟ್‌ನರ್ ಹಿಂಬಾಗಿಲಲ್ಲಿ ಬಾರ್ಬೆಲಳನ್ನು ನೋಡಿದ.

"ಅಬ್ಬಬ್ಬಾ, ಬೆಣ್ಣೆಮುದ್ದೆ ಕಣಮ್ಮಾ ಇದು! ಒಂದೆರಡು ದಿನ ನಂಗೆ ಕೊಡು."

"ಏನ್ ಮಾಡ್ತೀರಿ ಅಯ್ಯಾ?"

"ದೊರೆ ಮಾಡ್ತೀನಿ!"

ಆ ಕಾಲದಲ್ಲಿ ಗಂಡುಕೂಸಿಗೂ ಲಂಗವೇ. ಚಿತ್ರಗಾರನ ಮನೆಯಲ್ಲಿ ಬಾರ್ಬೆಲಳಿಗೆ ರೇಷ್ಮೆಯಂಗಿ ತೊಡಿಸಿ, ಎದೆಗೆ ಅಡ್ಡಲಾಗಿ ನೀಲಿಪಟ್ಟಿ ಕಟ್ಟಿ, ಕೆಂಪು ಮೆತ್ತೆಯ ಮೇಲೆ ಕೂರಿಸಿದರು. ದೊಡ್ಡವರ ಮೈಕೈಗೆ ಆಳುಕಾಳುಗಳನ್ನು ಕೂರಿಸಿ ಬರೆಯುವುದು ವಾಡಿಕೆಯೇ, ಮುಖವೊಂದು ಅವರದಾಗಿದ್ದರಾಯಿತು. ಮುಖ ಆಮೇಲೆ ಬರೆಯುತ್ತೇನೆ ಎಂದ ಲೈಟ್‌ನರ್ ಆಮೇಲೆ ಬರೆಯಲೇ ಇಲ್ಲ. ಕಂದು ಕಣ್ಣು, ಗಲ್ಲದ ಗುಳಿ, ಎಲ್ಲ ಬಾರ್ಬೆಲಳದೇ ಉಳಿದವು. ದೊರೆಸಾನಿ ನೋಡಿ ಚೆನ್ನಾಗಿದೆ ಎಂದಳು. ಹೆತ್ತ ಮಗನನ್ನು ದಿನಕ್ಕೊಮ್ಮೆ ದೂರದಿಂದ ಕಾಣುವವಳಿಗೆ ಗುರುತು ಎಲ್ಲಿಂದ ಬರಬೇಕು?

ಆ ಚಳಿಗಾಲ ಊರಿಗೆ ಸಿಡುಬು ಬಂತು. ಬಾರ್ಬೆಲ್ ಹೋದಳು. ರೋಗ ಅರಮನೆಗೂ ಅಂಟೀತೆಂದು ಕುನಿಗುಂಡೆಯನ್ನು ಮಣ್ಣು ಹಾಕಲಿಕ್ಕೂ ಬಿಡಲಿಲ್ಲ. ಅವಳು ಅಳುತ್ತಳುತ್ತಲೇ ಪುಟ್ಟ ದೊರೆಗೆ ಹಾಲೂಡಿಸಿದಳು.

ಉಳಿದದ್ದು ಮೊಗಸಾಲೆಯ ಗೋಡೆಯ ಮೇಲಿನ ಆ ಚಿತ್ರವೊಂದೇ. ಬೆಳಿಗ್ಗೆ ಎದ್ದವಳೇ ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಯಾರೂ ಇಲ್ಲದಾಗ ಆ ಗುಂಡು ಕೈಗೆ ಮುತ್ತಿಡುತ್ತಿದ್ದಳು. "ಪುಟ್ಟ ದೊರೆ ಅಂದ್ರೆ ಜೀವ ಬಿಡ್ತಾಳೆ ನೋಡ್ರೇ," ಎಂದು ಅರಮನೆಯ ಹೆಂಗಸರು ಕೊಂಡಾಡಿದರು. ಅದೂ ಸುಳ್ಳಲ್ಲ. ತನ್ನ ಹಾಲು ಕುಡಿದು ಬೆಳೆದವನ ಮೇಲೆ ಹಗೆ ಸಾಧಿಸಲು ಅವಳಿಗೆ ಬರಲಿಲ್ಲ.

ಹುಡುಗನಿಗೆ ಐದು ತುಂಬಿದ ವರ್ಷ ದೊರೆಯ ಅಕ್ಕ ಬಂದಳು. ಚಿತ್ರ ನೋಡಿ ನಕ್ಕಳು. "ಈ ಕಂದು ಕಣ್ಣು ನಮ್ಮ ಮನೇದಲ್ಲ, ನಿಮ್ಮ ತೌರಿನದೂ ಅಲ್ಲ. ಯಾರದು?"

ದೊರೆಸಾನಿಯ ಮುಖ ಸುಣ್ಣವಾಯಿತು. ಮರುದಿನವೇ ಲೈಟ್‌ನರನಿಗೆ ಕರೆ ಹೋಯಿತು: ಮುಖ ತಿದ್ದು.

ಕುನಿಗುಂಡೆ ಅವನ ಕಾಲು ಹಿಡಿದಳು. "ಅಯ್ಯಾ, ಹೊಸದು ಬರೀರಿ. ಇದನ್ನ ಹಂದಿಗೂಡಿಗಾದ್ರೂ ಬಿಸಾಕಿ, ನಾನು ಎತ್ಕೋತೀನಿ."

"ಹೇಳಿ ನೋಡ್ದೆ ಗುಂಡೆಲ್, ದೊರೆಸಾನಿ ಕೇಳಲಿಲ್ಲ. ಹೊಸದು ಬರೆದ್ರೆ ಹಳೇದು ಯಾರದು ಅಂತ ಜನ ಕೇಳ್ತಾರಂತೆ." ಅವನು ಅವಳನ್ನು ಹಿಡಿದೆತ್ತಿದ. "ತಪ್ಪು ನಂದೇ. ಅವತ್ತೇ ಪುಟ್ಟ ದೊರೆ ಮುಖ ಬರೆದಿದ್ರೆ ನಿಂಗೆ ಈ ಆಸೆನೇ ಹುಟ್ತಿರಲಿಲ್ಲ."

ಪುಟ್ಟ ದೊರೆ ಕುರ್ಚಿಯಲ್ಲಿ ಒಂದು ಗಳಿಗೆ ನಿಲ್ಲಲಿಲ್ಲ. ಗದರಿದರು, ಮಿಠಾಯಿ ಕೊಟ್ಟರು. "ಗುಂಡೆಲ್ ತೊಡೆ ಮೇಲಾದ್ರೆ ಕೂತ್ಕೋತೀನಿ," ಎಂದು ಹಟ ಹಿಡಿದ. ದೊರೆಸಾನಿ ಕಣ್ಣಲ್ಲೇ ಅಪ್ಪಣೆ ಮಾಡಿದಳು. ಕುನಿಗುಂಡೆ ಬಂದು ಕೂತು ಅವನನ್ನು ತೊಡೆಯ ಮೇಲೆ ಅಲುಗಾಡದಂತೆ ಹಿಡಿದುಕೊಂಡಳು. ಹುಡುಗನಿಗೆ ಕಾಣಲೆಂದು ಚಿತ್ರವನ್ನೂ ಇತ್ತ ವಾರೆಯಾಗಿ ತಿರುಗಿಸಿದ್ದರು. ಮೊದಲು ಗಲ್ಲದ ಗುಳಿ ಹೋಯಿತು. ಆಮೇಲೆ ಬಾಯಿ. ಒಂದು ಕಣ್ಣು ನೀಲಿಯಾಯಿತು.

"ಗುಂಡೆಲ್, ಈಗ ನಾನಾದ್ನಾ?"

"ಆಗ್ತಾ ಇದೀರಿ, ಚಿನ್ನ."

"ಮತ್ತೆ ಮುಂಚೆ ಯಾರಿದ್ರು?"

ಲೈಟ್‌ನರನ ಕುಂಚ ನಿಂತಿತು. ದೊರೆಸಾನಿ ದಾದಿಯನ್ನೇ ದಿಟ್ಟಿಸಿದಳು.

"ಯಾರೂ ಇರ್ಲಿಲ್ಲ," ಎಂದಳು ಕುನಿಗುಂಡೆ.

"ಯಾರೂನೂ?"

"ಯಾರೂನೂ ಇರ್ಲಿಲ್ಲ, ದೊರೆ."

ಲೈಟ್‌ನರ್ ಕುಂಚವನ್ನು ನೀಲಿಯಲ್ಲಿ ಅದ್ದಿ, ಉಳಿದಿದ್ದ ಕಣ್ಣನ್ನೂ ಮುಚ್ಚಿದ.