ಹಿಂದಿನ ಸಾಲಿಗೆ ಕೇಳಿಸುವಂತೆ

ಭಾಷಣ ಮಾಡುವವರೆಂದರೆ ಮೈಕಣ್ಣನಿಗೆ ಮೊದಲಿನಿಂದಲೂ ಗುಮಾನಿ. ಮೂವತ್ತೈದು ವರ್ಷ ವೇದಿಕೆಯ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು, ದನಿ ಏರಿಸಿ ಇಳಿಸುವ ಮಿಕ್ಸರಿನ ಗುಂಡಿಗಳ ಮೇಲೆ ಬೆರಳಿಟ್ಟು ಕೂತವನಿಗೆ ಗುಮಾನಿ ಬಾರದೆ ಭಕ್ತಿ ಬರುತ್ತದೆಯೇ? 'ಎರಡೇ ಮಾತು' ಎಂದು ಶುರು ಮಾಡಿದವನು ಮುಕ್ಕಾಲು ಗಂಟೆ ಕೊರೆಯುತ್ತಾನೆ. 'ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ' ಎನ್ನುವವನು ಅಂಗೈಯಲ್ಲಿನ ಚೀಟಿ ನೋಡಿಕೊಳ್ಳುತ್ತಾನೆ. ಮಾತಿನ ನಡುವೆ ಗಂಟಲು ಕಟ್ಟಿ ನೀರು ಕೇಳಿದ ಒಬ್ಬ ದೊಡ್ಡಮನುಷ್ಯ, ಹಿಂದಿನ ವಾರ ಇನ್ನೊಂದು ಸಭೆಯಲ್ಲಿ ಅದೇ ವಾಕ್ಯಕ್ಕೆ ಗಂಟಲು ಕಟ್ಟಿಸಿಕೊಂಡಿದ್ದನ್ನು ಮೈಕಣ್ಣ ಕಣ್ಣಾರೆ ಕಂಡಿದ್ದ. ತಾನು ಮಾತ್ರ ಇಷ್ಟು ವರ್ಷಗಳಲ್ಲಿ ಮೈಕಿನ ಮುಂದೆ 'ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ' ಬಿಟ್ಟರೆ ಬೇರೆ ಒಂದು ಮಾತೂ ಆಡಿದವನಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಅಂಗಡಿ ಒಂದೇ, ವ್ಯವಹಾರ ಎರಡು. ಹಿಂದಿನ ಅರ್ಧದಲ್ಲಿ ವೈರಿನ ಸುರುಳಿಗಳು, ಆಂಪ್ಲಿಫೈಯರ್, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಮುಂದಿನ ಅರ್ಧದಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ. ಆಕೆಯ ತುಟಿಯ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದವು. ಅಳತೆ ಹೇಳುವುದು, ಗಿರಾಕಿಯನ್ನು ಬೈಯುವುದು, ಗಂಡನನ್ನು ಊಟಕ್ಕೆ ಕರೆಯುವುದು, ಎಲ್ಲವೂ ಆ ಸೂಜಿಗಳ ಸಂದಿಯಿಂದಲೇ. ಪೆಟ್ಟಿಗೆ ಹೊರುವುದಕ್ಕೆ, ಕಂಬಕ್ಕೆ ವೈರು ಕಟ್ಟುವುದಕ್ಕೆ ಆಕೆಯ ತಮ್ಮನಿದ್ದ. ಹನ್ನೆರಡು ವರ್ಷ ಜೊತೆಯಲ್ಲಿ ದುಡಿದರೂ ಈ ಬಾಮೈದನನ್ನು ಮಿಕ್ಸರಿನ ಮುಂದೆ ಕೂರಲು ಮೈಕಣ್ಣ ಬಿಟ್ಟಿರಲಿಲ್ಲ. ಆ ಕುರ್ಚಿ ಅವನ ಸಿಂಹಾಸನ. ಅದರಿಂದ ಎದ್ದ ದಿನ ತಾನು ಯಾತಕ್ಕೂ ಬಾರದವನು ಎಂದೇ ಅವನ ಲೆಕ್ಕ.

ಆ ಕುರ್ಚಿಯ ಮೇಲೆ ಯಾರೋ ಕಣ್ಣು ಹಾಕಿದ್ದಾರೆ ಎಂಬ ಹುಳ ಅವನ ತಲೆಗೆ ಹೊಕ್ಕು ಎರಡು ವರ್ಷವಾಗಿತ್ತು. ಅವನು ಒಳಗೆ ಬಂದರೆ ಸಾಕು, ಜನ ದನಿ ತಗ್ಗಿಸುತ್ತಿದ್ದರು. ಸಭಾಂಗಣದ ಮ್ಯಾನೇಜರು ಫೋನಿನಲ್ಲಿ ಗುಸುಗುಸು ಮಾತಾಡಿ, ಕೊನೆಗೆ 'ನಿಮ್ಮ ಬಾಮೈದನಿಗೆ ಕೊಡಿ' ಎನ್ನುತ್ತಿದ್ದರು. ಅಕ್ಕ ತಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಬಗ್ಗಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು, ಅವನು ಹತ್ತಿರ ಬಂದರೆ ಬಟ್ಟೆ ಮಡಿಸತೊಡಗುತ್ತಿದ್ದರು. ಒಂದು ಸಭೆಯಲ್ಲಂತೂ ಮುಂದಿನ ಸಾಲಿನವರೆಲ್ಲ ಏಕಾಏಕಿ ಕಿವಿ ಮುಚ್ಚಿಕೊಂಡು ಅವನತ್ತ ತಿರುಗಿ ನೋಡಿದರು. ಬಾಮೈದ ಓಡಿ ಬಂದು ಅವನ ಕೈ ಸರಿಸಿ ಗುಂಡಿ ತಿರುಗಿಸಿದ. ಸ್ಪೀಕರು ಕೀಂಯ್ ಎಂದು ಕೂಗುತ್ತಿತ್ತು ಎಂದು ಆಮೇಲೆ ಹೇಳಿದ. ಕೂಗೂ ಇಲ್ಲ ಕಾಗೆಯೂ ಇಲ್ಲ, ಎಲ್ಲರ ಎದುರು ತನ್ನ ಮರ್ಯಾದೆ ತೆಗೆಯಲು ಹೂಡಿದ ಆಟ ಅದು ಎಂದು ಮೈಕಣ್ಣ ತೀರ್ಮಾನಿಸಿದ.

ಅದಾದ ವಾರಕ್ಕೆ ಕಳ್ಳರು ಕೈಗೆ ಸಿಕ್ಕಿಬಿದ್ದರು. ಅವನು ಪೆಟ್ಟಿಗೆಗಳ ಹಿಂದೆ ಕೂತು ಪ್ಲಗ್ಗಿಗೆ ವೈರು ಬೆಸೆಯುತ್ತಿದ್ದ. ಆಚೆ ಅಕ್ಕ ತಮ್ಮನ ಮಾತು. ಹೆಂಡತಿ ಹೇಳಿದ್ದು ಅವನ ಕಿವಿಗೆ ಬಿತ್ತು, "ಸೆಟ್ ಮಾರಿಸ್ಬಿಡೋಣ. ಅವರನ್ನ ಒಪ್ಪಿಸೋದು ನನಗೆ ಬಿಡು."

ಮೈಕಣ್ಣ ಕೈಯಲ್ಲಿದ್ದ ಪ್ಲಗ್ಗು ಕೆಳಗಿಟ್ಟ. ಸೆಟ್ಟು ಎಂದರೆ ಅವನ ಮೈಕ್‌ಸೆಟ್ಟು, ಅವನ ಜೀವಮಾನದ ಸಂಪಾದನೆ. ಎದ್ದು ಹೋಗಿ ಕೇಳಬಹುದಿತ್ತು. ಆದರೆ ಗುಮಾನಿಯ ಮನುಷ್ಯ ಎಲ್ಲಾದರೂ ನೇರವಾಗಿ ಕೇಳುತ್ತಾನೆಯೇ? ಹಲ್ಲು ಕಚ್ಚಿಕೊಂಡು ಸಾಕ್ಷಿ ಕಲೆಹಾಕಲು ಕೂತ. ಅಂದಿನಿಂದ ಅವರಿಬ್ಬರ ಮುಖ ನೋಡಿ ಮಾತಾಡುವುದನ್ನೂ ಬಿಟ್ಟ.

ಸಾಕ್ಷಿಗೇನು ಬರ? ಹೆಂಡತಿ ವಾರದಲ್ಲಿ ಎರಡು ಸಂಜೆ ಯಂತ್ರಕ್ಕೆ ಮುಸುಕು ಹಾಕಿ ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಸೂಜಿಗಳ ಸಂದಿಯಿಂದ ಏನೋ ಅಂದಳು. ಮತ್ತೆ ಕೇಳುವುದು ಅವನ ಜಾಯಮಾನದಲ್ಲಿರಲಿಲ್ಲ, ಎಲ್ಲ ತಿಳಿದವನಂತೆ ತಲೆಯಾಡಿಸಿದ. ಒಂದು ಮಧ್ಯಾಹ್ನ ಅವಳು ಬಟ್ಟೆ ಹಾಕಿ ನೋಡುವ ಮೂಲೆಯ ಕನ್ನಡಿಯೆದುರು ನಿಂತು, ಬಾಯಿ ಎಷ್ಟು ತೆರೆಯಿತೆಂದು ಎರಡು ಬೆರಳು ಅಡ್ಡ ಇಟ್ಟು ಅಳೆದುಕೊಂಡು, ಯಾರೋ ಎದುರಿಗಿದ್ದಂತೆ ತುಟಿ ಅಗಲಿಸಿ ಮಾತಾಡುತ್ತಿದ್ದುದನ್ನು ಪರದೆಯ ಸಂದಿಯಿಂದ ಕಂಡ. ಅವಳ ಅಳತೆ ಪುಸ್ತಕದಲ್ಲಿ ಒಂದು ಚೀಟಿಯೂ ಸಿಕ್ಕಿತು. 'ನಿಲ್ಲು. ಉಸಿರು ತಗೋ. ಹಿಂದಿನ ಸಾಲು ನೋಡು. ಆಮೇಲೆ ಹೇಳು.' ಆಹಾ, ಹೇಗೆ ತಯಾರಾಗುತ್ತಿದ್ದಾಳೆ ನೋಡಿ! ತನ್ನನ್ನು ಒಪ್ಪಿಸಲು ಹೆಂಡತಿ ಭಾಷಣವನ್ನೇ ಕಲಿಯುತ್ತಿದ್ದಾಳೆ. ನಿಲ್ಲುವುದು, ಉಸಿರು ಬಿಡುವುದು, ಗಂಟಲು ಕಟ್ಟಿಸಿಕೊಳ್ಳುವುದು, ಈ ವಿದ್ಯೆಯನ್ನೆಲ್ಲ ವೇದಿಕೆಯ ಪಕ್ಕ ಕೂತು ಅರೆದು ಕುಡಿದವನ ಹತ್ತಿರವೇ ಈ ಆಟವೇ?

ಮುಂದಿನ ಸಂಜೆ ಅವನು ಹಿಂದೆಯೇ ಹೋದ. ಅವಳು ಗ್ರಂಥಾಲಯದ ಮಹಡಿ ಹತ್ತಿದಳು. ಬಾಗಿಲಲ್ಲಿ 'ಮಾತುಗಾರಿಕೆ ತರಗತಿ, ಕೊನೆಯ ದಿನ, ಎಲ್ಲರೂ ಬರಬಹುದು' ಎಂಬ ಹಲಗೆ ಇತ್ತು. ಅವನು ಸ್ವಲ್ಪ ಹೊತ್ತು ತಡೆದು ಒಳಗೆ ನುಸುಳಿ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತ. ಒಳಗೆ ಹೋದವನು ಮೊದಲು ಹುಡುಕಿದ್ದು ಮೈಕನ್ನು. ಮೈಕೇ ಇರಲಿಲ್ಲ. ಕಲಿಸುವಾಕೆ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತಳಾದ ಹೆಂಗಸು. ಅವಳು ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು, 'ಕೊನೆಯ ಅಕ್ಷರ ನುಂಗಬೇಡಿ. ಒಂದು ಉಸಿರಿಗೆ ಒಂದು ಮಾತು. ನೆಲ ನೋಡಬೇಡಿ, ಮುಖ ನೋಡಿ.' ಪ್ರತಿಯೊಬ್ಬರ ಮಾತು ಮುಗಿದ ಮೇಲೂ ಆಕೆ ಹಿಂದಿನ ಸಾಲಿನತ್ತ ತಿರುಗುತ್ತಿದ್ದಳು, ಕೇಳಿಸಿದವರು ಕೈ ಎತ್ತುತ್ತಿದ್ದರು.

ಮೊದಲು ಒಬ್ಬ ಔಷಧಿ ಅಂಗಡಿಯವನು ಮಾತಾಡಿದ, ಆಮೇಲೆ ಇಬ್ಬರು ಹುಡುಗಿಯರು. ಮೂವರೂ ಸುಮ್ಮನೆ ಬಾಯಿ ಆಡಿಸಿದಂತೆ ಮೈಕಣ್ಣನಿಗೆ ಕಂಡಿತು. ಅಕ್ಕಪಕ್ಕದವರು ನಕ್ಕಾಗ ತಾನೂ ನಕ್ಕ, ಕೈ ಎತ್ತಿದಾಗ ತಾನೂ ಎತ್ತಿದ. ಇಷ್ಟು ಗೊಣಗುವವರಿಂದ ತರಗತಿಯ ಫೀಸು ಕಿತ್ತುಕೊಂಡ ಈ ವಾರ್ತೆಯ ಹೆಂಗಸು ಮಹಾ ಪಾಕಡಾ ಇರಬೇಕು ಎಂದುಕೊಂಡ.

ನಾಲ್ಕನೆಯವಳಾಗಿ ಅವನ ಹೆಂಡತಿ ಎದ್ದಳು. ತುಟಿಯಲ್ಲಿ ಒಂದೇ ಒಂದು ಸೂಜಿ ಇರಲಿಲ್ಲ. ನಿಂತಳು. ಉಸಿರು ತೆಗೆದುಕೊಂಡಳು. ಶುರುವಾಯಿತು ನಾಟಕ ಎಂದು ಅವನು ಕೈಕಟ್ಟಿ ಕೂತ.

"ನಮ್ಮೆಜಮಾನರದ್ದು ಮೈಕಿನ ಕೆಲಸ," ಎಂದಳು. "ಎರಡು ವರ್ಷದಿಂದ ಅವರಿಗೆ ಕಿವಿ ಮಂದ ಆಗಿದೆ. ಎಲ್ಲರಿಗೂ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ. ಗಟ್ಟಿಯಾಗಿ ಹೇಳಿದ್ರೆ ಜಗಳಕ್ಕೆ ಬಂದೆ ಅಂತಾರೆ. ಮೆತ್ತಗೆ ಹೇಳಿದ್ರೆ ಮಸಲತ್ತು ಮಾಡ್ತಿದೀಯ ಅಂತಾರೆ. ಕಿವಿ ಟೆಸ್ಟ್ ಮಾಡಿಸ್ಬಿಡೋಣ ಅಂತ ನನ್ನ ತಮ್ಮನ ಹತ್ರ ಅಂದಿದ್ದೆ. ಅವತ್ತಿಂದ ನಮ್ಮಿಬ್ಬರ ಮುಖಾನೂ ನೋಡ್ತಿಲ್ಲ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಪ್ರತಿ ಅಕ್ಷರವೂ ಬಂದು ಕಿವಿಗೆ ಮುಟ್ಟಿತು. ಮೈಕಣ್ಣನಿಗೆ ಮೊದಲು ಹುಟ್ಟಿದ್ದು, ಹೇಳಬೇಕೇ, ಗುಮಾನಿಯೇ. ಸೆರಗಿನಲ್ಲಿ ಚಿಕ್ಕ ಮೈಕು ಸಿಕ್ಕಿಸಿಕೊಂಡಿದ್ದಾಳೇನೋ ಎಂದು ಕಣ್ಣು ಕಿರಿದು ಮಾಡಿ ನೋಡಿದ, ಗೋಡೆಯ ಮೂಲೆಗಳಲ್ಲಿ ಸ್ಪೀಕರು ಹುಡುಕಿದ. ಏನೂ ಇರಲಿಲ್ಲ. ಆಮೇಲೆ ಅವಳ ಮಾತು ತಲೆಗೆ ಇಳಿಯಿತು. ಟೆಸ್ಟ್ ಮಾಡಿಸ್ಬಿಡೋಣ. ಅಂದು ಪೆಟ್ಟಿಗೆಯ ಹಿಂದೆ ಕೂತವನಿಗೆ ಅದು 'ಸೆಟ್ ಮಾರಿಸ್ಬಿಡೋಣ' ಎಂದು ಕೇಳಿಸಿತ್ತು. ಹಾಗಾದರೆ ಸ್ಪೀಕರು ಕೂಗಿದ್ದೂ ನಿಜ, ಜನ ಕಿವಿ ಮುಚ್ಚಿಕೊಂಡಿದ್ದೂ ನಿಜ. ಯಾರೂ ದನಿ ತಗ್ಗಿಸಿರಲಿಲ್ಲ. ಅವನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕಿವಿ ಕೇಳದವನಿಗೆ ಮಿಕ್ಸರಿನ ಮುಂದೆ ಏನು ಕೆಲಸ? ಕುರ್ಚಿ ಕೈಬಿಟ್ಟು ಹೋಯಿತು ಎಂಬುದು ಅಲ್ಲಿ ಕೂತಂತೆಯೇ ಅವನಿಗೆ ಗೊತ್ತಾಯಿತು, ಅದನ್ನು ಯಾರೂ ಕಸಿದುಕೊಂಡಿರಲಿಲ್ಲ ಎಂಬುದೂ ಗೊತ್ತಾಯಿತು.

"ತಪ್ಪು ಅವರ ಕಿವಿದೊಂದೇ ಅಲ್ಲ," ಎನ್ನುತ್ತಿದ್ದಳು ಅವಳು. "ಮದುವೆಯಾದಾಗಿಂದ ನಾನು ಬಾಯಲ್ಲಿ ಗುಂಡುಸೂಜಿ ಇಟ್ಕೊಂಡೇ ಅವರ ಹತ್ರ ಮಾತಾಡಿದೀನಿ. ನೂರು ಜನರ ಮುಂದೆ ಮಾತಾಡೋ ಆಸೆ ನನಗಿಲ್ಲ. ಒಬ್ಬರಿಗೆ ಕೇಳಿಸಿದ್ರೆ ಸಾಕು, ಅದಕ್ಕೇ ಇಲ್ಲಿಗೆ ಬಂದೆ."

ಕಲಿಸುವಾಕೆ ಹಿಂದಿನ ಸಾಲಿನತ್ತ ತಿರುಗಿದಳು. ಕೈಗಳು ಮೇಲೆದ್ದವು. ಕಂಬದ ಪಕ್ಕದ ಒಂದು ಕೈ ಮಾತ್ರ ಏಳಲಿಲ್ಲ. ಅದು ಯಾರ ಕೈ ಎಂದು ನೋಡಿದ ಹೆಂಡತಿಯ ಮುಖದ ಬಣ್ಣವೇ ಇಳಿದುಹೋಯಿತು. ಇಷ್ಟು ಕಲಿತೂ ಇವರಿಗೆ ಮುಟ್ಟಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು.

ಮೈಕಣ್ಣ ಎದ್ದು ನಿಂತ. ಜನರೆಲ್ಲ ತಿರುಗಿ ನೋಡಿದರು. ಅವನು ಕಂಬದ ಮರೆಯಿಂದ ಈಚೆ ಬಂದ.

"ಇವಳದ್ದು ಪೂರ್ತಿ ಕೇಳಿಸ್ತು ಮೇಡಂ," ಎಂದ. "ಮೊದಲು ಮಾತಾಡಿದ್ರಲ್ಲ ಮೂವರು, ಅವರದ್ದು ಒಂದಕ್ಷರಾನೂ ಕೇಳಿಸಿರ್ಲಿಲ್ಲ. ಸುಮ್ನೆ ಕೈ ಎತ್ತಿದ್ದೆ. ಅದಕ್ಕೇ ಈ ಸಲ ಎತ್ತಲಿಲ್ಲ, ಎದ್ದು ನಿಂತೆ."